ಅಜ್ಜಯ್ಯನ ಲೆನ್ಸು, ಮೊಮ್ಮಗಳ ಕ್ಯಾಮೆರಾ

ಹೆಬ್ರಿ, ಕಾರ್ಕಳದ ಕಡೆಯ ಹಳೆಯ ಮನೆಗಳಲ್ಲಿ ಕಪಾಟು ತೆರೆದರೆ ಒಂದು ಚರ್ಮದ ಚೀಲ ಸಿಗುವುದುಂಟು. ಮುಂಬಯಿಯಲ್ಲೋ ಗಲ್ಫಿನಲ್ಲೋ ದುಡಿದವರು ಊರಿಗೆ ಬರುವಾಗ ತಂದ ಕ್ಯಾಮೆರಾ ಅದರೊಳಗಿರುತ್ತದೆ. ಪೆಂಟಾಕ್ಸ್, ನಿಕಾನ್, ರಷ್ಯದ ಝೆನಿಟ್, ಹೆಸರು ಯಾವುದೇ ಇರಲಿ, ರೀಲು ಹಾಕುವವರಿಲ್ಲದೆ ಅದು ಮೂಲೆ ಸೇರಿ ಎಷ್ಟೋ ವರ್ಷವಾಗಿರುತ್ತದೆ. ಅದೇ ಮನೆಯಲ್ಲಿ ಈಗ ಮಣಿಪಾಲದಲ್ಲಿ ಓದುವ ಮಗಳು, ರಾತ್ರಿಯ ಆಟದ ಫೋಟೋ ತೆಗೆಯಲು ತನ್ನ ಡಿಜಿಟಲ್ ಕ್ಯಾಮೆರಾಕ್ಕೆ ಇನ್ನೊಂದು ಲೆನ್ಸು ಬೇಕೆಂದು ಅಪ್ಪನ ಮುಂದೆ ನಿಂತಿರುತ್ತಾಳೆ. ಬೆಲೆ ಕೇಳಿದ ಅಪ್ಪ ಮಾತು ಬದಲಿಸುತ್ತಾರೆ. ಕಪಾಟಿನ ಕಡೆ ಇಬ್ಬರೂ ನೋಡುವುದಿಲ್ಲ.

ಅಲ್ಲಿರುವುದು ಸಾಮಾನ್ಯವಾಗಿ 50 ಮಿ.ಮೀ. ಸಂಗಮದೂರದ ಲೆನ್ಸು. ಅದರ ಅಂಚಿನಲ್ಲಿ 1:2 ಎಂದು ಬರೆದಿದ್ದರೆ, ಹೊಸ ಕ್ಯಾಮೆರಾದ ಜೊತೆ ಬರುವ ಝೂಮ್ ಲೆನ್ಸು 5.6ರಲ್ಲಿ ಬಿಡುವುದಕ್ಕಿಂತ ಸುಮಾರು ಎಂಟು ಪಟ್ಟು ಹೆಚ್ಚು ಬೆಳಕನ್ನು ಇದು ಒಳಗೆ ಬಿಡುತ್ತದೆ. 5.6ನ್ನು 2ರಿಂದ ಭಾಗಿಸಿ ವರ್ಗ ಮಾಡಿದರೆ ಲೆಕ್ಕ ಸಿಗುತ್ತದೆ. ಗಾಜು ಹಳೆಯದಾದರೂ ಬೆಳಕಿನ ನಿಯಮ ಹಳೆಯದಾಗುವುದಿಲ್ಲವಲ್ಲ.

ಆದರೆ ಹೊಸ ಕ್ಯಾಮೆರಾಕ್ಕೆ ಅದು ಕೂರುತ್ತದೆಯೇ? ಇಲ್ಲಿಯೇ ಹಲವರು ದುಡ್ಡು ಕಳೆದುಕೊಳ್ಳುವುದು. ಲೆನ್ಸು ಕೂರುವ ಬಾಯಿಗೂ ಹಿಂದಿನ ಫಿಲ್ಮಿಗೂ ಇರಬೇಕಾದ ಅಂತರವನ್ನು ಪ್ರತಿಯೊಂದು ಪದ್ಧತಿಯಲ್ಲೂ ಖಚಿತವಾಗಿ ನಿಗದಿ ಮಾಡಿದ್ದಾರೆ. ನಿಕಾನ್‌ನ 1959ರ ಎಫ್ ಪದ್ಧತಿಯಲ್ಲಿ ಅದು 46.5 ಮಿ.ಮೀ. ಝೆನಿಟ್ ಮತ್ತು ಹಳೆಯ ಪೆಂಟಾಕ್ಸ್‌ಗಳ ತಿರುಪಿನ ಲೆನ್ಸಿಗೆ, ಅಂದರೆ ಎಂ42ಕ್ಕೆ, 45.46. ಕ್ಯಾನನ್‌ನ 1987ರ ಇಎಫ್‌ನಲ್ಲಿ 44. ನಡುವೆ ಲೋಹದ ಬಳೆಯಂಥ ಅಡಾಪ್ಟರ್ ಹಾಕಿ ಅಂತರವನ್ನು ಹೆಚ್ಚಿಸಬಹುದು, ತಗ್ಗಿಸಲು ಬರುವುದಿಲ್ಲ.

ಎಂ42 ಲೆನ್ಸನ್ನು ನಿಕಾನ್ ಡಿಎಸ್‌ಎಲ್‌ಆರ್‌ಗೆ ಹಾಕಿದರೆ ಏನಾಗುತ್ತದೆ ನೋಡಿ. ಲೆನ್ಸು ಇರಬೇಕಾದ ಜಾಗಕ್ಕಿಂತ ಕಡಿಮೆಯೆಂದರೂ 1.04 ಮಿ.ಮೀ. ಮುಂದೆ ಕೂರುತ್ತದೆ. ಇಷ್ಟೇ ತಾನೇ ಎನ್ನುವಂತಿಲ್ಲ. ಹತ್ತನೇ ತರಗತಿಯ ಮಸೂರದ ಸೂತ್ರ ಸಾಕು: ಸಂಗಮದೂರ 50, ಪ್ರತಿಬಿಂಬದ ದೂರ 51.04, ಹಾಗಾದರೆ ವಸ್ತುವಿನ ದೂರ ಸುಮಾರು 2,450 ಮಿ.ಮೀ. ಅಂದರೆ ಎಂಟು ಅಡಿ. ಅದರಾಚೆಯದಕ್ಕೆ ಫೋಕಸ್ ಮುಟ್ಟುವುದೇ ಇಲ್ಲ. ಅಂಗಳದ ದಾಸವಾಳ ಚೆನ್ನಾಗಿ ಬರುತ್ತದೆ. ಘಾಟಿ ಹತ್ತಿ ಆಗುಂಬೆಯ ಸೂರ್ಯಾಸ್ತಕ್ಕೆ ಹಿಡಿದರೆ ಬರಿಯ ಕೆಂಪು ಮಸುಕು! ಒಳಗೊಂದು ಗಾಜಿಟ್ಟು ಇದನ್ನು ಸರಿಪಡಿಸುವ ಅಡಾಪ್ಟರ್‌ಗಳೂ ಇವೆ, ಆದರೆ ಅಗ್ಗದ ಗಾಜು ಒಳ್ಳೆಯ ಲೆನ್ಸಿನ ಸ್ಪಷ್ಟತೆಯನ್ನೇ ತಿಂದುಹಾಕುತ್ತದೆ.

ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಈ ತಾಪತ್ರಯವಿಲ್ಲ. ಸೋನಿ ಇ ಪದ್ಧತಿಯ ಅಂತರ 18 ಮಿ.ಮೀ., ಕ್ಯಾನನ್ ಆರ್‌ಎಫ್ 20, ನಿಕಾನ್ ಝಡ್ 16. ಹಳೆಯ ನಿಕಾನ್ ಲೆನ್ಸಿಗೂ ಸೋನಿಗೂ ನಡುವೆ 28.5 ಮಿ.ಮೀ. ದಪ್ಪದ ಪೊಳ್ಳು ಬಳೆಯಿದ್ದರೆ ಸಾಕು, ಅದರಲ್ಲಿ ಗಾಜೂ ಇಲ್ಲ, ತಂತಿಯೂ ಇಲ್ಲ. ಹೊಸ ಲೆನ್ಸಿನ ಬೆಲೆಯ ಮುಂದೆ ಅದರದು ಏನೂ ಅಲ್ಲ. ಕ್ಯಾಮೆರಾಕ್ಕೆ ಮಾತ್ರ ಲೆನ್ಸು ಇರುವುದೇ ತಿಳಿಯದು. ಲೆನ್ಸಿಲ್ಲದೆಯೂ ಶಟರ್ ಒತ್ತಲು ಬಿಡುವ ಆಯ್ಕೆಯನ್ನು ಮೆನುವಿನಲ್ಲಿ ಹುಡುಕಿ ತೆರೆಯಬೇಕು. ಇದನ್ನು ಮಾಡದೆ ಲೆನ್ಸು ಕೆಟ್ಟಿದೆ ಎಂದು ತೀರ್ಮಾನಿಸಿ ಮತ್ತೆ ಕಪಾಟಿಗೆ ಸೇರಿಸುವವರಿದ್ದಾರೆ.

ನಿಕಾನ್ ಡಿಎಸ್‌ಎಲ್‌ಆರ್ ಇರುವ ಮನೆಯಲ್ಲಿ ಹಳೆಯ ನಿಕಾನ್ ಲೆನ್ಸಿಗೆ ಬಳೆಯೇ ಬೇಡ. ಆದರೆ 1977ಕ್ಕೆ ಮುಂಚಿನ ಲೆನ್ಸನ್ನು ತಿಳಿದವರಿಗೆ ತೋರಿಸದೆ ಸಿಕ್ಕಿಸಬಾರದು, ಅದರ ಉಂಗುರ ಕೆಲವು ಕ್ಯಾಮೆರಾಗಳ ಬಾಯಿಯಲ್ಲಿರುವ ಸಣ್ಣ ಕೊಕ್ಕೆಯನ್ನು ಮುರಿಯಬಲ್ಲದು. ಕಡಿಮೆ ಬೆಲೆಯ ಡಿ3000, ಡಿ5000 ಸಾಲಿನವು ಇಂಥ ಲೆನ್ಸಿನಲ್ಲಿ ಬೆಳಕನ್ನು ಅಳೆಯುವುದೂ ಇಲ್ಲ. ಒಂದು ಫೋಟೋ ತೆಗೆದು ನೋಡಿ ಸರಿಪಡಿಸಿಕೊಳ್ಳಬೇಕು, ಕಲಿಯುವವರಿಗೆ ಇದು ನಷ್ಟವೇನಲ್ಲ.

ಬಳೆಗೆ ದುಡ್ಡು ಹಾಕುವ ಮೊದಲು ಲೆನ್ಸನ್ನೇ ಪರೀಕ್ಷಿಸಬೇಕು. ಹೆಬ್ರಿಯ ಮಳೆಗಾಲ ಬಟ್ಟೆಯನ್ನೇ ಬಿಡುವುದಿಲ್ಲ, ಇನ್ನು ಗಾಜನ್ನು ಬಿಟ್ಟೀತೇ? ಹಿಂದಿನಿಂದ ಟಾರ್ಚ್ ಹಿಡಿದು ನೋಡಿದಾಗ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಸ್ವಲ್ಪವೇ ಇದ್ದರೆ ಚಿತ್ರಕ್ಕೆ ಅಷ್ಟೇನೂ ತೊಂದರೆಯಿಲ್ಲ. ದಟ್ಟವಾಗಿ ಹಬ್ಬಿ ಗಾಜಿನ ಲೇಪವನ್ನು ತಿಂದಿದ್ದರೆ ಆಸೆ ಬಿಡುವುದೇ ಲೇಸು. ತಪ್ಪು ಹೆಚ್ಚಾಗಿ ಆ ಚರ್ಮದ ಚೀಲದ್ದು, ತೇವವನ್ನು ಹಿಡಿದಿಟ್ಟು ಬೂಷ್ಟು ಸಾಕುವುದು ಅದೇ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಇಷ್ಟಿದ್ದರೆ ಆಷಾಢ ಕಳೆಯುತ್ತದೆ.

ಫೋಕಸ್ ಕೈಯಿಂದಲೇ ಮಾಡಬೇಕು. 1985ರಲ್ಲಿ ಮಿನೋಲ್ಟಾ 7000 ಬರುವ ತನಕ ಹೆಚ್ಚಿನವರು ಹಾಗೆಯೇ ತೆಗೆದದ್ದು. ಕರ್ನಾಟಕದ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಕೂಡ ಆ ಕಾಲದಲ್ಲೇ ಹೆಸರು ಮಾಡಿದವರು. ಮಿರರ್‌ಲೆಸ್‌ಗಳಲ್ಲಂತೂ ಸ್ಪಷ್ಟವಾದ ಅಂಚುಗಳಿಗೆ ಬಣ್ಣ ಬಳಿದು ತೋರಿಸುವ ಅನುಕೂಲವಿದೆ. ಆದರೂ ದಿಗಿಣ ಹಾರುವ ವೇಷದ ಬೆನ್ನು ಹತ್ತಿ ಉಂಗುರ ತಿರುಗಿಸಿದರೆ ಒಂದೂ ಸಿಗುವುದಿಲ್ಲ. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಈ ಲೆನ್ಸು 75 ಮಿ.ಮೀ.ನಂತೆ ನೋಡುವುದರಿಂದ ಹತ್ತಿರ ಕೂತರೆ ರಂಗಸ್ಥಳ ಪೂರ್ತಿ ಹಿಡಿಯದು, ಮುಖವರ್ಣಿಕೆ ಮಾತ್ರ ತುಂಬಿ ಬರುತ್ತದೆ. ರಂಗಸ್ಥಳದ ಮುಂದಿನ ಅಂಚಿಗೆ ಫೋಕಸ್ ಇಟ್ಟು, ವೇಷ ತಾನಾಗಿ ಅಲ್ಲಿಗೆ ಬರುವವರೆಗೆ ಕಾಯಬೇಕು. ಬೆಳಗಿನ ಜಾವದವರೆಗಿನ ಆಟವಾದರೆ ಸಮಯ ಬೇಕಾದಷ್ಟಿದೆ.