ಚೀಲಕ್ಕೂ ಕಾಸು, ನಂಬರಿಗೂ ಕಾಟ!

ಹೋದ ತಿಂಗಳು ಕೆಲಸದ ಮೇಲೆ ಹಾಸನಕ್ಕೆ ಹೋಗಿದ್ದೆ. ಕೆಲಸ ಮುಗಿದಾಗ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಮನೆಯಲ್ಲಿ ಚೀಟಿ ಬೇರೆ ಬರೆದು ಕೊಟ್ಟಿದ್ದರು. ತೊಗರಿಬೇಳೆ, ಎಣ್ಣೆ, ಬಟ್ಟೆ ಸೋಪು. ಸರಿ, ಎಲ್ಲರೂ ನುಗ್ಗುವ ಆ ದೊಡ್ಡ ಅಂಗಡಿಗೇ ನಾನೂ ನುಗ್ಗಿದೆ. ಹೆಸರು ಬೇಡ. ಊರೂರಲ್ಲೂ ಒಂದೇ ಬೋರ್ಡು, ಒಂದೇ ಬಣ್ಣ, ಒಳಗೆ ಒಂದೇ ಹಾಡು ಇರುವಂಥ ಅಂಗಡಿ ಎಂದರೆ ವಾಚಕರಿಗೆ ಅರ್ಥವಾಗುತ್ತದೆ.

ಬಾಗಿಲಲ್ಲೇ ಸೆಕ್ಯೂರಿಟಿಯವನು ಕೈಚೀಲ ಇಸ್ಕೊಂಡು ಟೋಕನ್ ಕೊಟ್ಟ. ಒಳಗೆಲ್ಲ ತಣ್ಣಗೆ, ಥಳಥಳ. ಅದರಲ್ಲಿ ಸುಳ್ಳಿಲ್ಲ. ಬಿಲ್ ಹಾಕಲು ಆರು ಕೌಂಟರ್ ಇದ್ದವು. ಮನುಷ್ಯರಿದ್ದದ್ದು ಎರಡರಲ್ಲಿ. ಉಳಿದ ನಾಲ್ಕಕ್ಕೆ ಸರಪಳಿ. ಎರಡು ಕ್ಯೂ, ಎರಡೂ ಹನುಮಂತನ ಬಾಲ.

ನನ್ನ ಮುಂದೆ ಹಳೇಬೀಡು ಕಡೆಯ ಒಬ್ಬ ಅಜ್ಜಿ. ಕೈಯಲ್ಲಿ ಮೂರೇ ಸಾಮಾನು, ಸೆರಗಿನ ಗಂಟಿನಲ್ಲಿ ದುಡ್ಡು. ಅಜ್ಜಿಯ ಸರದಿ ಬಂತು.

"ನಂಬರ್ ಹೇಳಿ ಅಜ್ಜಿ."

"ಏನ್ ನಂಬರವ್ವಾ?"

"ಮೊಬೈಲ್ ನಂಬರ್."

"ನನ್ತಾವ ಎಲ್ಲೈತೆ ಮೊಬೈಲು? ಮಗನ್ತಾವ ಐತೆ. ಅದ್ರ ನಂಬರ್ ನಂಗೆ ಬಾಯಿಗ್ ಬರಾಕಿಲ್ಲ."

"ನಂಬರ್ ಹಾಕ್ದೆ ಬಿಲ್ ಮುಂದಕ್ಕೆ ಹೋಗಲ್ಲ ಅಜ್ಜಿ. ಸಿಸ್ಟಂ ತಗೊಳಲ್ಲ."

"ಅಲ್ಲ ಕಣವ್ವ, ದುಡ್ಡು ಕೊಡ್ತೀನಿ ಅಂದ್ರೂ ಬ್ಯಾಡ ಅಂತೀಯಲ್ಲ!"

ಹಿಂದಿನವರು ಗೊಣಗತೊಡಗಿದರು. ಕೊನೆಗೆ ನಾನೇ ನನ್ನ ನಂಬರ್ ಕೊಟ್ಟೆ. ಸಿಸ್ಟಂ ತಗೊಂಡಿತು! ಅಂದಿನಿಂದ ಭಾನುವಾರ ಬಂದರೆ ಸಾಕು, ಸೀಗೆಕಾಯಿ ಶಾಂಪೂ ಒಂದು ಕೊಂಡರೆ ಒಂದು ಉಚಿತ ಅಂತ ನನ್ನ ಬೋಳುತಲೆಗೆ ಮೆಸೇಜು ಬರುತ್ತಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಬೇಳೆಯ ಮುಂದೆ ನೇತುಹಾಕಿದ್ದ ದರ ಒಂದು, ಬಿಲ್ಲಿನಲ್ಲಿ ಬಂದದ್ದು ಇನ್ನೊಂದು. ಕೆ.ಜಿ.ಗೆ ಹನ್ನೊಂದು ರೂಪಾಯಿ ಜಾಸ್ತಿ. ಕೇಳಿದರೆ, "ಆಫರ್ ನಿನ್ನೆಗೆ ಮುಗೀತು ಸರ್, ಬೋರ್ಡು ತೆಗ್ದಿಲ್ಲ." ಸಾಮಾನು ತುಂಬಿಕೊಳ್ಳಲು ಚೀಲ? ಹದಿನೈದು ರೂಪಾಯಿ. ಆ ಚೀಲದ ಮೇಲೆ ಅಂಗಡಿಯ ಹೆಸರು ದಪ್ಪಕ್ಷರದಲ್ಲಿ. ಅಜ್ಜಿಯ ಸ್ವಂತ ಚೀಲ ಎಲ್ಲಿ? ಬಾಗಿಲಲ್ಲಿ, ಟೋಕನ್ ನಂಬರ್ ಹಾಕಿಸಿಕೊಂಡು ಕೂತಿದೆ! ನಮ್ಮ ಚೀಲ ಅವರು ಇಟ್ಟುಕೊಂಡು, ಅವರ ಚೀಲ ನಮಗೆ ಮಾರುವುದು. ಇಂಥ ವ್ಯಾಪಾರ ನಮ್ಮ ಪೇಟೆಯ ಯಾವ ಶೆಟ್ಟರಿಗೂ ಹೊಳೆದಿರಲಿಲ್ಲ.

ಆಮೇಲೆ ಹೊರಬಾಗಿಲಲ್ಲಿ ಬಿಲ್ ತಪಾಸಣೆ, ಬಿಲ್ಲಿಗೊಂದು ತೂತು. ಬಸ್‌ಸ್ಟ್ಯಾಂಡಿಗೆ ಓಡಿದರೆ ಹಳೇಬೀಡು ಬಸ್ಸೂ ಹೋಗಿತ್ತು, ಅರಸೀಕೆರೆ ಬಸ್ಸೂ ಹೋಗಿತ್ತು. ಅಜ್ಜಿ ಕಲ್ಲುಬೆಂಚಿನ ಮೇಲೆ ಕೂತು ಎಲೆ ಅಡಿಕೆ ತೆಗೆದಳು. "ಉಳಿಸಿದ್ದು ಇಪ್ಪತ್ತು ರೂಪಾಯಿ, ಬಸ್ ಹೋಗಿದ್ದು ಪುಕ್ಸಟ್ಟೆ" ಎಂದಳು.

ಇಪ್ಪತ್ತು ರೂಪಾಯಿ ಉಳಿತಾಯವನ್ನು ಹಗುರ ಮಾಡಬಾರದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಬೇಲೂರಿನ, ಜಾವಗಲ್ಲಿನ, ಬಾಣಾವರದ ಹೆಣ್ಣುಮಗಳು ತಿಂಗಳ ಸಾಮಾನಿಗೆ ಹಾಸನಕ್ಕೆ ಹೋಗಿ ಬಂದರೆ ಖರ್ಚಿಲ್ಲ. ದೊಡ್ಡ ಅಂಗಡಿ ಕಂಪನಿಯಿಂದಲೇ ಲಾರಿಗಟ್ಟಲೆ ಎತ್ತುತ್ತದೆ. ನಮ್ಮ ಅಂಗಡಿಯವರು ಏಜೆಂಟನ ಕೈಯಿಂದ ಪೆಟ್ಟಿಗೆ ಲೆಕ್ಕದಲ್ಲಿ ತರುತ್ತಾರೆ. ದರದಲ್ಲಿ ಸರಿಸಮ ನಿಲ್ಲುವುದು ಕಷ್ಟ. ಹೀಗಾಗಿ ಜನ ಹೋಗುತ್ತಾರೆ, ಹೋಗಲಿ. ಆದರೆ ಹೋದವರನ್ನು ಮನುಷ್ಯರ ಹಾಗೆ ನಡೆಸಿಕೊಳ್ಳಬೇಕೋ ಬೇಡವೋ?

ಕಾನೂನು ಏನನ್ನುತ್ತೆ?

ನಂಬರ್ ವಿಷಯ ಮೊದಲು. ಮೊಬೈಲ್ ನಂಬರ್ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಯವರಿಗೆ ತಿಳಿಸಿದೆ. "ಸಿಸ್ಟಂ ತಗೊಳಲ್ಲ" ಎಂದರೆ ಸಿಸ್ಟಂ ಸರಿಮಾಡಿಕೊಳ್ಳಬೇಕಾದವರು ಅಂಗಡಿಯವರು, ಅಜ್ಜಿಯಲ್ಲ.

ಚೀಲದ ವಿಷಯ ಇನ್ನೂ ಸ್ವಾರಸ್ಯ. 2019ರಲ್ಲಿ ಚಂಡೀಗಢದಲ್ಲಿ ಬಾಟಾ ಅಂಗಡಿ ಕಾಗದದ ಚೀಲಕ್ಕೆ 3 ರೂಪಾಯಿ ಹಿಡಿಯಿತು. ಗಿರಾಕಿ ಬಿಡಲಿಲ್ಲ, ಗ್ರಾಹಕರ ವೇದಿಕೆಗೆ ಹೋದ. ಮೂರು ರೂಪಾಯಿಗೆ ಕಂಪನಿ ಒಟ್ಟು ಒಂಬತ್ತು ಸಾವಿರ ರೂಪಾಯಿ ತೆರಬೇಕೆಂದು ಆದೇಶವಾಯಿತು. ಮರುವರ್ಷ, 2020ರ ಡಿಸೆಂಬರಿನಲ್ಲಿ, ಬಿಗ್ ಬಜಾರಿನ ಮೊಕದ್ದಮೆಯಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವೇ ಹೇಳಿತು: ಮೊದಲೇ ತಿಳಿಸದೆ ಬಿಲ್ ಕೌಂಟರಿನಲ್ಲಿ ಚೀಲಕ್ಕೆ ಕಾಸು ಕೇಳುವುದು ಅನುಚಿತ ವ್ಯಾಪಾರ, ನಿಲ್ಲಿಸಿ. ಕೈತುಂಬ ಸಾಮಾನು ಹಿಡಿದು ನಿಂತವನು ಬೇಡ ಅನ್ನುವುದಾದರೂ ಹೇಗೆ? (ಆ ಬಿಗ್ ಬಜಾರಿನ ಕಂಪನಿ 2022ರಲ್ಲಿ ದಿವಾಳಿ ಕೋರ್ಟಿನ ಮೆಟ್ಟಿಲು ಹತ್ತಿತು. ಅದು ಬೇರೆ ಕತೆ.)

ದೂರದ ಮಾತು ಬೇಡ ಅನ್ನುವವರಿಗೆ ಬೆಂಗಳೂರಿನದೇ ಇದೆ. ನಾಗಸಂದ್ರದ ಐಕಿಯಾ ಅಂಗಡಿ ತನ್ನ ಹೆಸರಿದ್ದ ಚೀಲಕ್ಕೆ 20 ರೂಪಾಯಿ ಹಿಡಿದಿತ್ತು. 2023ರ ಅಕ್ಟೋಬರಿನಲ್ಲಿ ಅಲ್ಲಿನ ಗ್ರಾಹಕ ಆಯೋಗ ಆ 20 ರೂಪಾಯಿಯನ್ನು ಬಡ್ಡಿ ಸಮೇತ ವಾಪಸ್ ಕೊಡಲು ಹೇಳಿ, ಮೇಲೆ ಸಾವಿರ ರೂಪಾಯಿ ಪರಿಹಾರ, ಎರಡು ಸಾವಿರ ಖರ್ಚು ಹಾಕಿತು. ಅಂಗಡಿಯ ಹೆಸರಿನ ಚೀಲ ಹಿಡಿದು ರಸ್ತೆಯಲ್ಲಿ ನಡೆದರೆ ನಾವು ಅವರಿಗೆ ಪುಕ್ಕಟೆ ಜಾಹೀರಾತು ಬೋರ್ಡು. ನ್ಯಾಯವಾಗಿ ಅವರೇ ನಮಗೆ ಬಾಡಿಗೆ ಕೊಡಬೇಕು.

ಬೋರ್ಡಿನ ದರಕ್ಕಿಂತ ಬಿಲ್ಲಿನಲ್ಲಿ ಹೆಚ್ಚು ಹಾಕಿದರೂ ದೂರು ಕೊಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ 1986ರಿಂದ ಇದೆ. 2019ರ ಹೊಸ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅದರಲ್ಲಿ ನಮ್ಮಂಥ ಊರಿನವರಿಗೆ ಒಂದು ಅನುಕೂಲ ಮಾಡಿದ್ದಾರೆ. ಸಾಮಾನು ಎಲ್ಲೇ ಕೊಂಡಿರಲಿ, ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಬೆಂಗಳೂರಿನಲ್ಲಿ ಮೋಸಹೋದ ಅರಸೀಕೆರೆಯವನು ಹಾಸನದ ಜಿಲ್ಲಾ ಆಯೋಗಕ್ಕೆ ಹೋದರೆ ಸಾಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದೇನಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಅಷ್ಟು ತ್ರಾಣ ಇಲ್ಲದವರು 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು.

ಇನ್ನು ಆ ಕೌಂಟರಿನ ಹುಡುಗಿ. ಮೊದಲು ನನಗೂ ಅವಳ ಮೇಲೇ ಸಿಟ್ಟು ಬಂದಿತ್ತು. ಮುಖ ಎತ್ತಿ ನೋಡುತ್ತಿರಲಿಲ್ಲ, ಒಂದು ನಗು ಇಲ್ಲ. ಆಮೇಲೆ ನೋಡಿದೆ, ಕೌಂಟರಿನ ಹಿಂದೆ ಕುರ್ಚಿಯೇ ಇಲ್ಲ. ಒಂದು ಕಾಲಿನ ಭಾರ ಇನ್ನೊಂದು ಕಾಲಿಗೆ ಬದಲಾಯಿಸುತ್ತಾ ನಿಂತಿದ್ದಳು.

"ಎಷ್ಟೊತ್ತಿಂದ ನಿಂತಿದ್ದೀಯಮ್ಮ?"

"ಬೆಳಿಗ್ಗೆ ಹತ್ತರಿಂದ ಸರ್. ಊಟಕ್ಕೆ ಅರ್ಧ ಗಂಟೆ ಬಿಡ್ತಾರೆ."

ಆಗ ಸಂಜೆ ಐದೂವರೆ. ಆ ಹುಡುಗಿ ಯಾರೋ ಅಲ್ಲ. ನಮ್ಮ ಸುತ್ತಲ ಹಳ್ಳಿಗಳಿಂದ ಬೆಳಗಿನ ಬಸ್ಸಿನಲ್ಲಿ ನಮ್ಮ ಪಕ್ಕ ನೇತಾಡಿಕೊಂಡು ಹೋಗುವ ಪಿಯುಸಿ, ಬಿ.ಕಾಂ. ಆದ ಮಕ್ಕಳೇ ಅಲ್ಲಿ ನಿಂತಿರುವುದು. ಆರು ಜನರ ಕೆಲಸವನ್ನು ಇಬ್ಬರ ಕೈಲಿ ಮಾಡಿಸಿ, ಕೂರಲು ಸ್ಟೂಲನ್ನೂ ಕೊಡದೆ, ಗಿರಾಕಿ ಜತೆ ನಗ್ತಾ ಮಾತಾಡು ಎಂದರೆ ನಗು ಎಲ್ಲಿಂದ ಬರಬೇಕು? ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಹೋರಾಡಿದ ಮೇಲೆ ಕೇರಳದಲ್ಲಿ 2018ರಲ್ಲಿ ಕಾನೂನು ತಿದ್ದಿ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕು ಕೊಟ್ಟರು. 2021ರಲ್ಲಿ ತಮಿಳುನಾಡೂ ತಿದ್ದಿತು. ನಮ್ಮ ಜಿಲ್ಲೆಯ ಶಾಸಕ ಮಹಾಶಯರು ಉದ್ಘಾಟನೆಗೆಂದು ಇಂಥ ಅಂಗಡಿಗಳಿಗೆ ಕತ್ತರಿ ಹಿಡಿದು ಹೋಗುತ್ತಾರಲ್ಲ, ರಿಬ್ಬನ್ ಕತ್ತರಿಸಿದ ಮೇಲೆ ಕೌಂಟರಿನ ಹಿಂದೆ ಒಮ್ಮೆ ಬಗ್ಗಿ ನೋಡಲಿ, ಸ್ಟೂಲು ಇದೆಯಾ ಅಂತ.

ನಮ್ಮವರೇನು ಕಮ್ಮಿ?

ಇಷ್ಟು ಓದಿ ಅರಸೀಕೆರೆ, ಬೇಲೂರಿನ ಅಂಗಡಿ ಬಂಧುಗಳು ಖುಷಿಯಾಗಿ ಮೀಸೆ ತಿರುವುತ್ತಿದ್ದರೆ ಸ್ವಲ್ಪ ತಡೆಯಿರಿ. ನಿಮ್ಮದೂ ಇದೆ.

ಉದ್ರಿ ಕೊಡುತ್ತೀರಿ, ಒಪ್ಪಿದೆ. ಕೊಬ್ಬರಿ ಮಾರಿದ ಮೇಲೆ ಕೊಡ್ತೀನಿ ಎಂದ ರೈತನಿಗೆ ಆರು ತಿಂಗಳು ಸಾಮಾನು ಕೊಟ್ಟು ಪುಸ್ತಕದಲ್ಲಿ ಬರೆದುಕೊಳ್ಳುವ ಧೈರ್ಯ ಯಾವ ಕಂಪನಿಗೂ ಇಲ್ಲ. ಮನೆಯಲ್ಲಿ ಹೆರಿಗೆ ಎಂದರೆ ಬೆಲ್ಲ, ತುಪ್ಪ ನೀವೇ ಕಳಿಸಿಕೊಡುತ್ತೀರಿ. ಅಜ್ಜಿಯ ಮಗ ಯಾರು, ಮೊಮ್ಮಗಳು ಯಾವ ಊರಿಗೆ ಸೊಸೆಯಾದಳು, ಎಲ್ಲ ಗೊತ್ತು. ನಂಬರ್ ಕೇಳುವ ಅಗತ್ಯವೇ ಇಲ್ಲ. ಆದರೆ ಬಿಲ್ ಕೇಳಿದರೆ ಮುಖ ಯಾಕೆ ಗಂಟಿಕ್ಕುತ್ತದೆ? ಎರಡು ರೂಪಾಯಿ ಚಿಲ್ಲರೆಗೆ ಚಾಕಲೇಟು ಕೊಡುತ್ತೀರಲ್ಲ, ಅದೇ ಚಾಕಲೇಟನ್ನು ನಾವು ವಾಪಸ್ ತಂದುಕೊಟ್ಟರೆ ಬೆಂಕಿಪೊಟ್ಟಣ ಕೊಡುತ್ತೀರಾ? "ಒಮ್ಮೆ ಮಾರಿದ ಸಾಮಾನು ವಾಪಸ್ ಪಡೆಯಲಾಗುವುದಿಲ್ಲ" ಎಂದು ಗಲ್ಲಾದ ಮೇಲೆ ದೇವರ ಫೋಟೋ ಪಕ್ಕದಲ್ಲೇ ಬೋರ್ಡು. ಬಿಲ್ ಕೊಡದಿರುವುದು, ಕೆಟ್ಟ ಸಾಮಾನನ್ನು ವಾಪಸ್ ಪಡೆಯದಿರುವುದು, ಎರಡೂ ಅದೇ 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಗಡುವು ಬರೆಯದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳಬೇಕು. ದೇವರ ಪಕ್ಕ ನೇತುಹಾಕಿದ ಮಾತ್ರಕ್ಕೆ ಬೋರ್ಡು ಕಾನೂನಾಗುವುದಿಲ್ಲ.

ಬಸ್‌ಸ್ಟ್ಯಾಂಡಿನ ತಂಪು ಪಾನೀಯದ ಅಂಗಡಿಗಳದು ಇನ್ನೊಂದು ರಾಗ. ಬಾಟಲಿ ಮೇಲೆ ಅಚ್ಚಾದ ಎಂ.ಆರ್.ಪಿ. ಒಂದು, ಕೇಳುವುದು ಎರಡು ರೂಪಾಯಿ ಹೆಚ್ಚು. ಯಾಕಪ್ಪಾ ಅಂದರೆ "ಕೂಲಿಂಗ್ ಚಾರ್ಜು." ಎಂ.ಆರ್.ಪಿ. ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ದರ. ಫ್ರಿಜ್ಜಿನ ಕರೆಂಟು ಅದರೊಳಗೇ ಬರಬೇಕು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿದವು. ದೇಶವಿದೇಶದ ಜನ ಶಿಲಾಬಾಲಿಕೆ ನೋಡಲು ಬರುತ್ತಾರೆ. ಗುಡಿಯಿಂದ ಹೊರಗೆ ಬಂದವರಿಗೆ ನೀರಿನ ಬಾಟಲಿಯಲ್ಲಿ ಟೋಪಿ ಹಾಕಿದರೆ ಊರಿಗೆ ಹೋಗಿ ಯಾವುದನ್ನು ಹೇಳುತ್ತಾರೆ, ನೀವೇ ಯೋಚಿಸಿ. ತೂಕ ಮತ್ತು ಅಳತೆ ಇಲಾಖೆಯ ಸಾಹೇಬರು ವರ್ಷಕ್ಕೊಮ್ಮೆ ಮುದ್ರೆ ಒತ್ತಲು ಮಾತ್ರ ಬಂದರೆ ಸಾಲದು. ಒಂದು ಮಧ್ಯಾಹ್ನ ಜೀಪು ಬಿಟ್ಟು, ಪ್ಯಾಂಟು ಶರಟಿನಲ್ಲಿ ಬಸ್ಸಿನಲ್ಲಿ ಬಂದಿಳಿದು ಒಂದು ಬಾಟಲಿ ನೀರು ಕೇಳಲಿ.

ದೊಡ್ಡ ಅಂಗಡಿಯ ಮ್ಯಾನೇಜರ್ ಸಾಹೇಬರಿಗೂ ಎರಡು ಮಾತು. ನಿಮ್ಮ ಗಿರಾಕಿಗಳಲ್ಲಿ ಕಾರಿನವರು ಎಷ್ಟೋ, ಬಸ್ಸಿನವರೂ ಅಷ್ಟೇ ಇದ್ದಾರೆ. ಐದು ಗಂಟೆ ಮೇಲೆ ಇನ್ನೆರಡು ಕೌಂಟರಿನ ಸರಪಳಿ ಬಿಚ್ಚಿ. ಮೂರು ಸಾಮಾನಿನವರಿಗೆ ಬೇರೆ ಕ್ಯೂ ಮಾಡಿ. ಮುಗಿದ ಆಫರಿನ ಬೋರ್ಡನ್ನು ರಾತ್ರಿಯೇ ಇಳಿಸಿ. ಬಾಗಿಲಲ್ಲಿ ಚೀಲ ಇಸ್ಕೊಳ್ಳುವವನಿಗೆ, ಬಟ್ಟೆಚೀಲ ತಂದವರನ್ನು ಒಳಗೆ ಬಿಡು ಎಂದು ಹೇಳಿ. ಇದಕ್ಕೆಲ್ಲ ಬೊಂಬಾಯಿಯ ಹೆಡ್ಡಾಫೀಸನ್ನು ಕೇಳಬೇಕಾಗಿಲ್ಲ.

ವಾಚಕರಲ್ಲಿ ಯಾರಿಗಾದರೂ ಹೀಗಾಗಿದ್ದರೆ ಬರೆಯಿರಿ. ದೊಡ್ಡ ಅಂಗಡಿಯದಾಗಲಿ, ಸಂತೆ ಬೀದಿಯದಾಗಲಿ, ಬಿಲ್ಲಿನ ನಕಲು ಸಮೇತ ಕಳಿಸಿ. ಬಿಲ್ ಕೊಡಲಿಲ್ಲ ಎಂಬುದೇ ದೂರಾದರೆ, ಕೇಳಿದ ದಿನ, ಹೊತ್ತು ಬರೆದು ಕಳಿಸಿ.