ಒತ್ತಿದರೆ ಎಲ್ಲಿಗೆ ಹೋಗುತ್ತೆ?

ಮಕ್ಕಳೇ, ಈ ವಾರ ಈ ತಾತನದೇ ಒಂದು ತಪ್ಪಿನ ಕಥೆ.

ಮಾನ್ವಿಯಲ್ಲಿರುವ ಮೊಮ್ಮಗಳು ಶಾಲೆಯಲ್ಲಿ ರಾಯಚೂರು ಕೋಟೆಯ ಬಗ್ಗೆ ಮಾತಾಡಬೇಕಿತ್ತು. ನಾನು ಹುಮ್ಮಸ್ಸಿನಿಂದ ಎಂಟು ಪುಟದ ಇ-ಪುಸ್ತಕ ಮಾಡಿ ಕಳಿಸಿದೆ. ಕೋಟೆಯ ದೊಡ್ಡ ಶಾಸನದ ವಿಷಯ ಬಂದಾಗ ಮಾತ್ರ ಸೋಮಾರಿತನ ಮಾಡಿ, ‘ವಿವರಕ್ಕೆ ಈ ನೀಲಿ ಅಕ್ಷರ ಒತ್ತಿ’ ಎಂದು ಒಂದು ವೆಬ್ ಪುಟದ ಲಿಂಕ್ ಹಾಕಿ ಮುಗಿಸಿದೆ.

ಭಾಷಣದ ದಿನ ಸಂಜೆ ಫೋನ್ ಬಂತು. “ತಾತಾ, ರಾತ್ರಿ ನೆಟ್ ಇರ್ಲಿಲ್ಲ. ಎಷ್ಟ್ ಒತ್ತಿದ್ರೂ ಏನೂ ಬರ್ಲಿಲ್ಲ. ಟೀಚರ್ ಶಾಸನದ್ ಕೇಳ್ದಾಗ ಸುಮ್ನ ನಿಂತೆ.” ದನಿ ಸಣ್ಣದಾಗಿತ್ತು.

ಬ್ಯಾಂಕಿನಲ್ಲಿ ಜೀವಮಾನವೆಲ್ಲ ಲೆಕ್ಕ ತಾಳೆ ನೋಡಿದವನು, ಮಗುವಿಗೆ ಕೊಟ್ಟ ಪುಸ್ತಕವನ್ನು ತಾಳೆ ನೋಡಿರಲಿಲ್ಲ!

ಮರುವಾರ ಮದುವೆಗೆಂದು ದೇವದುರ್ಗದ ಬಸ್ ಹತ್ತಿದೆ. ಒಂದು ಕೈಯಲ್ಲಿ ಮೊಬೈಲ್, ಇನ್ನೊಂದರಲ್ಲಿ ಮಗ ಕೊಡಿಸಿದ ಕಿಂಡಲ್. ಎರಡರಲ್ಲೂ ನೆಟ್ ಆರಿಸಿ ಅದೇ ಪುಸ್ತಕ ತೆರೆದೆ. ಪರಿವಿಡಿಯ ಲಿಂಕು, ಪದದ ಅರ್ಥದ ಲಿಂಕು ತಟ್ಟನೆ ತೆರೆದವು. ಅವು ಹೋಗಬೇಕಾದ ಜಾಗ ಪುಸ್ತಕದೊಳಗೇ ಇದೆ. ವೆಬ್ ಲಿಂಕ್ ಮಾತ್ರ ಎರಡರಲ್ಲೂ ತೆರೆಯಲಿಲ್ಲ.

ಮದುವೆ ಮನೆಯಲ್ಲಿ ನೆಟ್ ಹಾಕಿದೆ. ಮೊಬೈಲು ಪುಸ್ತಕ ಬಿಟ್ಟು ಬ್ರೌಸರಿಗೆ ಜಿಗಿಯಿತು. ಕಿಂಡಲ್ ವೈ-ಫೈ ಸಿಕ್ಕ ಮೇಲೆ ತನ್ನ ಪುಟ್ಟ ಬ್ರೌಸರಿನಲ್ಲಿ ನಿಧಾನವಾಗಿ ತೆರೆಯಿತು. ಇನ್ನೊಂದು ಮೋಜು: ಅದರ ಪರದೆ ಕಪ್ಪು-ಬಿಳುಪು. ನಾನು ಹೇಳಿದ ‘ನೀಲಿ ಅಕ್ಷರ’ ಅಲ್ಲಿ ನೀಲಿಯಾಗಿಯೇ ಕಾಣಲಿಲ್ಲ!

ಆಗ ನಮ್ಮ ಕೌಂಟರ್ ನೆನಪಾಯಿತು. ನಮ್ಮದೇ ಶಾಖೆಯ ಚೆಕ್ ತಂದರೆ ಅಲ್ಲೇ ಹಣ. ಬೇರೆ ಬ್ಯಾಂಕಿನ ಚೆಕ್ ಆದರೆ ಕ್ಲಿಯರಿಂಗ್‌ಗೆ ಕಳಿಸಿ ಕಾಯಬೇಕು, ಕೆಲವೊಮ್ಮೆ ವಾಪಸ್ಸೂ ಬರುತ್ತದೆ. ಒಳಗಿನ ಲಿಂಕು, ಹೊರಗಿನ ಲಿಂಕು ಹಾಗೆಯೇ. ನೆಟ್ ಇದ್ದರೂ ಆ ವೆಬ್ ಪುಟವನ್ನೇ ಯಾರೋ ತೆಗೆದುಹಾಕಿರಬಹುದು.

ಪುಸ್ತಕ ತಿದ್ದಿದೆ. ಶಾಸನ 1294ರದು, ಕಾಕತೀಯರ ಕಾಲದ್ದು, ಕಲ್ಲಿನ ಉದ್ದ ಸುಮಾರು 41 ಅಡಿ, ಅದನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರವೂ ಗೋಡೆಯ ಮೇಲೆ ಕೆತ್ತಿದೆ – ಇಷ್ಟನ್ನೂ ಒಳಗೇ ಬರೆದೆ. ಲಿಂಕ್ ಉಳಿಸಿದೆ, ಹೆಚ್ಚು ಓದುವ ಆಸೆಯಿದ್ದವರಿಗೆ. ವೆಬ್ ಪುಟದ ಹೆಸರನ್ನೂ ಪಕ್ಕದಲ್ಲಿ ಬರೆದೆ, ಲಿಂಕ್ ಕೆಟ್ಟರೂ ಹುಡುಕಲು ಬರುವಂತೆ.

ನೀವೂ ಯಾರಿಗಾದರೂ ಇ-ಪುಸ್ತಕ ಮಾಡಿಕೊಟ್ಟರೆ, ಕಳಿಸುವ ಮುಂಚೆ ನೆಟ್ ಆರಿಸಿ ಒಮ್ಮೆ ಪೂರ್ತಿ ಓದಿ. ಎಲ್ಲಿ ಕೈಕೊಡುತ್ತದೋ ಅಲ್ಲಿ ಎರಡು ಸಾಲು ಬರೆಯಿರಿ.

ಮೊಮ್ಮಗಳು ಹೊಸ ಪುಸ್ತಕ ಓದಿ ಫೋನ್ ಮಾಡಿದ್ದಳು. ಬರುವ ರಜೆಗೆ ಆ ಕಲ್ಲನ್ನೇ ನೋಡಬೇಕಂತೆ.