ಶಕ್ತಿಯ ಪಾಠವನ್ನು ಎಲ್ಲಿಂದ ಆರಂಭಿಸಬೇಕು?

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಏನನ್ನಾದರೂ ಬರೆಯತಕ್ಕದ್ದೆಂಬ ವಾಡಿಕೆಯುಂಟು. ಶಾಲೆಯ ವರದಿಯು ಬೇರೆ ಪುಟಗಳಲ್ಲಿರುವದರಿಂದ ನಾನು ಇಲ್ಲಿ ಒಂದೇ ಒಂದು ಪಾಠದ ವಿಷಯವಾಗಿ ಪಾಲಕರಲ್ಲಿಯೂ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆನು. ಅದು ಕೆಳಗಿನ ತರಗತಿಗಳ ವಿಜ್ಞಾನದಲ್ಲಿ ಬರುವ ಶಕ್ತಿಯ ಪಾಠವು. ಪುಸ್ತಕದಲ್ಲಿ ಅದಕ್ಕೆ ದೊರೆತಿರುವ ಸ್ಥಳವು ಸ್ವಲ್ಪ. ಆದರೆ ಮುಂದೆ ಹುಡುಗಿಯು ಓದಬೇಕಾದ ಉಷ್ಣ, ಬೆಳಕು, ವಿದ್ಯುತ್ತು, ಆಹಾರ, ಸಸ್ಯಜೀವನ ಇವೆಲ್ಲವುಗಳ ಬೀಗದ ಕೈಯು ಆ ಪಾಠದಲ್ಲಿಯೇ ಇರುವದು.

ಸುತ್ತಲಿನ ಊರುಗಳ ಪ್ರಾಥಮಿಕ ಶಾಲೆಗಳಿಂದ ನಮ್ಮಲ್ಲಿಗೆ ಬರುವ ಹುಡುಗಿಯರನ್ನು “ಶಕ್ತಿ ಎಂದರೇನು?” ಎಂದು ಕೇಳಿದರೆ ಒಂದೇ ಉಸಿರಿನಲ್ಲಿ, “ಕೆಲಸ ಮಾಡುವ ಸಾಮರ್ಥ್ಯವೇ ಶಕ್ತಿ” ಎಂದು ಹೇಳಿ ಬಿಡುವರು. ಅದರ ರೂಪಗಳನ್ನು ಕೇಳಿದರೆ ಉಷ್ಣ, ಬೆಳಕು, ಶಬ್ದ, ವಿದ್ಯುತ್ತು, ರಾಸಾಯನಿಕ, ಯಾಂತ್ರಿಕ, ಪರಮಾಣು ಎಂದು ಮಗ್ಗಿಯಂತೆ ಒಪ್ಪಿಸುವರು. ಆದರೆ “ಇಂದು ಮುಂಜಾನೆ ನಿಮ್ಮ ಅಡಿಗೆಯ ಮನೆಯಲ್ಲಿ ಇವುಗಳಲ್ಲಿ ಯಾವ ಯಾವ ರೂಪಗಳು ಇದ್ದವು?” ಎಂದು ಕೇಳಿದೊಡನೆ ತರಗತಿಯು ಸ್ತಬ್ಧವಾಗುವದು. ಕಡೆಗೆ ಯಾವಳಾದರೊಬ್ಬಳು, “ನಮ್ಮ ಮನೆಯಲ್ಲಿ ಕರೆಂಟು ಇದೆ” ಎನ್ನುವಳು. ಅವಳ ಮಟ್ಟಿಗೆ ಶಕ್ತಿಯೆಂಬುದು ಕಂಬದ ತಂತಿಯಿಂದ ಮನೆಗೆ ಬರುವ ವಸ್ತು. ಒಲೆಯಲ್ಲಿ, ರೊಟ್ಟಿಯಲ್ಲಿ, ತನ್ನ ತಾಯಿಯ ತೋಳಿನಲ್ಲಿ ಅದು ಇದೆಯೆಂದು ಅವಳಿಗೆ ಯಾರೂ ಹೇಳಿಲ್ಲ.

ಇದರಲ್ಲಿ ಸ್ವಲ್ಪ ಪಾಲಿನ ತೊಡಕು ನಮ್ಮ ಶಬ್ದಗಳದು. ಕನ್ನಡದಲ್ಲಿ ಶಕ್ತಿ, ಬಲ, ಸಾಮರ್ಥ್ಯ ಎಂಬ ಮೂರು ಮಾತುಗಳೂ ಮನೆಮಾತಿನಲ್ಲಿ ಹೆಚ್ಚುಕಡಿಮೆ ಒಂದೇ. ಶಾಸ್ತ್ರದಲ್ಲಿ ಹಾಗಲ್ಲ. ತಳ್ಳುವದು, ಎಳೆಯುವದು ಬಲ. ತಳ್ಳಿದ ವಸ್ತುವು ಸರಿದರೆ ಆದದ್ದು ಕೆಲಸ. ಆ ಕೆಲಸಕ್ಕೆ ವೆಚ್ಚವಾದದ್ದು ಶಕ್ತಿ. ಎಷ್ಟು ಬೇಗ ವೆಚ್ಚವಾಯಿತೆಂಬುದು ಸಾಮರ್ಥ್ಯ. ಹೀಗಿರಲು, ವ್ಯಾಖ್ಯೆಯಲ್ಲಿಯೇ ಸಾಮರ್ಥ್ಯವೆಂಬ ಮಾತನ್ನು ತಂದಿಟ್ಟು, ಮೇಲಿನ ತರಗತಿಯಲ್ಲಿ ಅದೇ ಮಾತಿಗೆ ಬೇರೊಂದು ಅರ್ಥವನ್ನು ಕಲಿಸಿದರೆ ಮಗುವು ತಬ್ಬಿಬ್ಬಾಗದೆ ಇನ್ನೇನಾದೀತು? ವ್ಯಾಖ್ಯೆಯು ಬೇಡವೆಂದು ನಾನು ಹೇಳುವದಿಲ್ಲ. ಅದು ಪಾಠದ ಕೊನೆಯಲ್ಲಿ ಬರಲಿ. ಮೊದಲು ಎರಡೇ ಪ್ರಶ್ನೆಗಳಿರಲಿ: ಇದು ಎಲ್ಲಿಂದ ಬಂತು? ಎಲ್ಲಿಗೆ ಹೋಯಿತು?

ಈ ಎರಡು ಪ್ರಶ್ನೆಗಳನ್ನು ಕೇಳುವದಕ್ಕೆ ನಮ್ಮ ಬ್ಯಾಡಗಿಯ ಮೆಣಸಿನಕಾಯಿಗಿಂತ ಒಳ್ಳೆಯ ಪಾಠೋಪಕರಣವನ್ನು ನಾನು ಕಂಡಿಲ್ಲ. ಖಾರವು ಕಡಿಮೆಯಾಗಿ ಬಣ್ಣವು ಹೆಚ್ಚಾಗಿರುವ, ೨೦೧೧ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ಈ ಕಾಯಿಯನ್ನು ನಮ್ಮ ಕಡೆಯ ಯಾವ ಮಗುವು ನೋಡಿಲ್ಲ? ಸುಗ್ಗಿಯಲ್ಲಿ ಕಣದ ತುಂಬ ಕೆಂಪಗೆ ಹರವಿದ ಕಾಯಿಯನ್ನು ದೊಡ್ಡವರು ಹಣದ ಲೆಕ್ಕದಿಂದ ನೋಡುವರು. ಮಗುವು ಅದನ್ನು ಶಕ್ತಿಯ ಲೆಕ್ಕದಿಂದ ನೋಡಲಿ. ನೂರು ಕಿಲೋ ಹಸಿಯ ಹಣ್ಣುಗಾಯಿಯು ಒಣಗಿ ಮೂವತ್ತು ಕಿಲೋ ಆಯಿತೆಂದು ಇಟ್ಟುಕೊಳ್ಳಿರಿ. ಎಪ್ಪತ್ತು ಕಿಲೋ ನೀರು ಆವಿಯಾಗಿ ಹೋಯಿತು. ಒಂದು ಕಿಲೋ ನೀರನ್ನು ಸಾಧಾರಣ ಉಷ್ಣತೆಯಲ್ಲಿ ಆವಿಯಾಗಿಸುವದಕ್ಕೆ ಸುಮಾರು ೨೪ ಲಕ್ಷ ಜೂಲುಗಳಷ್ಟು ಶಕ್ತಿಯು ಬೇಕು. ಜೂಲು ಎಂಬುದು ಶಕ್ತಿಯ ಅಳತೆಯ ಹೆಸರು. ನಾವು ವಿದ್ಯುತ್ತಿನ ಬಿಲ್ಲಿನಲ್ಲಿ ಕಾಣುವ ಒಂದು ಯುನಿಟ್ಟು ಎಂದರೆ ೩೬ ಲಕ್ಷ ಜೂಲು. ಲೆಕ್ಕವನ್ನು ಹಾಕಿ ನೋಡಿದರೆ ಆ ಒಂದು ರಾಶಿಯನ್ನು ಒಣಗಿಸುವದಕ್ಕೆ ೪೬ ಯುನಿಟ್ಟುಗಳಿಗೂ ಮಿಕ್ಕಿದ ಶಕ್ತಿಯು ವೆಚ್ಚವಾಯಿತು. ಬಿಲ್ಲನ್ನು ಮಾತ್ರ ಯಾರೂ ಕಳಿಸಲಿಲ್ಲ! ಮೋಡವಿಲ್ಲದ ದಿನ ನೆತ್ತಿಯ ಬಿಸಿಲು ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ನೆಲದ ಮೇಲೆ ಒಂದು ಗಂಟೆಯ ಹೊತ್ತು ಬಿದ್ದರೆ ಹೆಚ್ಚುಕಡಿಮೆ ಒಂದು ಯುನಿಟ್ಟಿನಷ್ಟು ಶಕ್ತಿಯು ಅಲ್ಲಿಗೆ ಬಂದಂತೆ. ಅದೆಲ್ಲವೂ ಕಾಯಿಗೆ ದಕ್ಕುವದಿಲ್ಲ. ಬಹಳಷ್ಟು ನೆಲವನ್ನೂ ಗಾಳಿಯನ್ನೂ ಕಾಯಿಸಿ ಹೋಗುವದು. ಕಣವು ಏಕೆ ಅಷ್ಟು ವಿಶಾಲವಾಗಿರಬೇಕು, ಕಾಯಿಯನ್ನು ಏಕೆ ತೆಳ್ಳಗೆ ಹರವಬೇಕು, ಗಾಳಿಯಿಲ್ಲದ ದಿನ ಏಕೆ ತಡವಾಗಿ ಒಣಗುವದು ಎಂಬುದೆಲ್ಲ ಈ ಲೆಕ್ಕದಿಂದಲೇ ಹೊರಡುವದು.

ಇನ್ನು ಒಣಗಿದ ಕಾಯಿಯೊಳಗೆ ಉಳಿದದ್ದೇನು? ಗಿಡವು ತನ್ನ ಎಲೆಗಳಿಂದ ಹಿಡಿದಿಟ್ಟ ಬಿಸಿಲು. ಗಿಡವು ಬೆಳಕನ್ನು ತೆಗೆದುಕೊಂಡು, ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡನ್ನೂ ಬೇರಿನ ನೀರನ್ನೂ ಕೂಡಿಸಿ ತನ್ನ ಒಡಲನ್ನು ಕಟ್ಟಿಕೊಳ್ಳುವದು. ಆ ಕಟ್ಟಿನೊಳಗೆ ಅಡಗಿದ ಶಕ್ತಿಗೆ ರಾಸಾಯನಿಕ ಶಕ್ತಿಯೆಂದು ಹೆಸರು. ಜೋಳದ ರೊಟ್ಟಿಯಲ್ಲಿರುವದೂ ಅದೇ, ಕಟ್ಟಿಗೆಯಲ್ಲಿರುವದೂ ಅದೇ. ಯುಗಯುಗಾಂತರಗಳ ಹಿಂದೆ ಹೂಳಿ ಹೋದ ಜೀವಿಗಳಿಂದಾದ ಕಲ್ಲಿದ್ದಲು ಮತ್ತು ಎಣ್ಣೆಗಳಲ್ಲಿರುವದೂ ಅದೇ. ಏಳು ರೂಪಗಳೆಂದು ಏಳು ಪೆಟ್ಟಿಗೆಗಳನ್ನು ಮಾಡಿ ಮಕ್ಕಳ ಮುಂದಿಡುವ ಪದ್ಧತಿಯು ನನಗೆ ಒಪ್ಪಿಗೆಯಿಲ್ಲದಿರುವದು ಇದಕ್ಕಾಗಿಯೇ. ಒಬ್ಬಳೇ ಹುಡುಗಿಯು ಶಾಲೆಗೆ ಬರುವಾಗ ಒಂದು ಉಡುಪು, ಹಬ್ಬಕ್ಕೆ ಒಂದು ಉಡುಪು ತೊಟ್ಟರೆ ಇಬ್ಬರು ಹುಡುಗಿಯರಾಗುವದಿಲ್ಲ.

ಕೈಯ ಶ್ರಮದ ಮಾತಿಗೆ ಬರೋಣ. ಹದಿನೈದು ಕಿಲೋ ತೂಕದ ತುಂಬಿದ ಕೊಡವನ್ನು ಹತ್ತು ಮೀಟರು ಆಳದ ಬಾವಿಯಿಂದ ಮೇಲಕ್ಕೆ ಸೇದುವದಕ್ಕೆ ಸುಮಾರು ೧೪೭೦ ಜೂಲುಗಳಷ್ಟು ಕೆಲಸವಾಗುವದು. ಒಂದು ಯುನಿಟ್ಟು ವಿದ್ಯುತ್ತಿನಲ್ಲಿ ಇಂತಹ ಕೊಡಗಳನ್ನು ೨೪೦೦ ಸಲ ಮೇಲಕ್ಕೆತ್ತಬಹುದು. ಪಂಪಿನಲ್ಲಿ ಒಂದಿಷ್ಟು ಸೋರಿ ಹೋಗುವದೆಂದು ಬಿಟ್ಟರೂ ಲೆಕ್ಕವು ಬೆರಗು ಹುಟ್ಟಿಸತಕ್ಕದ್ದೇ. ಅಜ್ಜಿಯು ತನ್ನ ಕಾಲದಲ್ಲಿ ಎಷ್ಟು ಕೊಡ ಸೇದಿದಳೆಂದು ಕೇಳಿಕೊಂಡು ಬಾ ಎಂದು ಮಗುವಿಗೆ ಹೇಳಿರಿ. ಅವಳ ಆಯುಷ್ಯದ ಎಷ್ಟು ಪಾಲು ಎಷ್ಟು ಯುನಿಟ್ಟಿಗೆ ಸಮನಾಯಿತೆಂದು ಅದೇ ಲೆಕ್ಕ ಹಾಕಲಿ. ಆದರೆ ಇಲ್ಲಿ ಒಂದು ಎಚ್ಚರವು ಬೇಕು. ಕೊಡವನ್ನು ತಲೆಯ ಮೇಲೆ ಹೊತ್ತು ಸುಮ್ಮನೆ ನಿಂತ ಹೆಂಗಸು ಏನೂ ಕೆಲಸ ಮಾಡಲಿಲ್ಲವೆಂದು ಪುಸ್ತಕವು ಹೇಳುವದು. ಮನೆಯಲ್ಲಿ ಹೇಳಿದರೆ ಯಾವ ತಾಯಿಯಾದರೂ ನಕ್ಕಾಳು, ಇಲ್ಲವೆ ಸಿಟ್ಟಾದಾಳು. ಕೊಡದ ಮೇಲೆ ಕೆಲಸವಾಗಲಿಲ್ಲವೆಂಬುದು ನಿಜ. ಆದರೆ ಅವಳ ಸ್ನಾಯುಗಳು ಉಂಡ ಅನ್ನವನ್ನು ಸುಡುತ್ತಲೇ ಇರುವವು. ಅದು ಬಿಸಿಯಾಗಿ, ಬೆವರಾಗಿ ಹೊರಗೆ ಹೋಗುವದು. ಈ ಎರಡನೆಯ ಮಾತನ್ನು ಹೇಳದೆ ಮೊದಲನೆಯದನ್ನು ಮಾತ್ರ ಹೇಳುವ ಶಿಕ್ಷಕಿಯು ಶಾಸ್ತ್ರಕ್ಕೂ ಅನ್ಯಾಯವನ್ನು ಮಾಡುವಳು, ತಾಯಿಗೂ ಅನ್ಯಾಯವನ್ನು ಮಾಡುವಳು.

ಎತ್ತರದಲ್ಲಿಟ್ಟ ವಸ್ತುವಿನಲ್ಲಿ ಅಡಗಿದ ಶಕ್ತಿಗೆ ಪುಸ್ತಕಗಳಲ್ಲಿ ಪ್ರಚ್ಛನ್ನ ಶಕ್ತಿಯೆಂಬ ಗಡಸು ಹೆಸರು. ಮದಗದ ಕೆರೆಯ ನೀರನ್ನು ತೋರಿಸಿ “ಅಡಗಿದ ಶಕ್ತಿ” ಎಂದರೆ ಸಾಕು. ತೂಬಿನಿಂದ ಹಾರಿ ಬಂದಾಗ ಅದೇ ಚಲನ ಶಕ್ತಿಯಾಯಿತು. ಜೋಗದಲ್ಲಿ ನೀರು ೨೫೩ ಮೀಟರು ಕೆಳಗೆ ಬೀಳುವದು. ಬಿದ್ದ ಮೇಲೆ ಆ ಶಕ್ತಿಯೆಲ್ಲಿ? ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜೇಮ್ಸ್ ಜೂಲ್ ಎಂಬ ಇಂಗ್ಲೆಂಡಿನ ವಿದ್ವಾಂಸನು, ಇಳಿಯುವ ತೂಕದ ಕಲ್ಲುಗಳಿಂದ ನೀರಿನೊಳಗಿನ ಹುಟ್ಟುಗಳನ್ನು ತಿರುಗಿಸಿ, ನೀರು ಬೆಚ್ಚಗಾಗುವದನ್ನು ಅಳೆದು ತೋರಿಸಿದನು. ಆ ಲೆಕ್ಕದಂತೆ ಬಿದ್ದ ಶಕ್ತಿಯೆಲ್ಲ ನೀರಿನಲ್ಲಿಯೇ ಉಳಿದರೆ ಜೋಗದ ಗುಂಡಿಯ ನೀರು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಬೆಚ್ಚಗಾಗಬೇಕು. ಅದೇ ಶರಾವತಿಯ ನೀರನ್ನು ಕೊಳವೆಯಲ್ಲಿ ಇಳಿಸಿ ಚಕ್ರವನ್ನು ತಿರುಗಿಸಿದ್ದರಿಂದ ೧೯೪೮ರಲ್ಲಿ ಅಲ್ಲಿ ವಿದ್ಯುತ್ತು ಹುಟ್ಟಿತು. ಕೈಗಾದಲ್ಲಿ ಪರಮಾಣುವಿನಿಂದ, ರಾಯಚೂರಿನಲ್ಲಿ ಕಲ್ಲಿದ್ದಲಿನಿಂದ, ಗದಗಿನ ಕಪ್ಪತಗುಡ್ಡದಲ್ಲಿ ಗಾಳಿಯಿಂದ, ಪಾವಗಡದಲ್ಲಿ ಬಿಸಿಲಿನಿಂದ. ಕಡೆಯದೊಂದನ್ನು ಬಿಟ್ಟರೆ ಎಲ್ಲ ಕಡೆಯಲ್ಲಿಯೂ ಕೊನೆಗೆ ಆಗುವದು ಚಕ್ರವೊಂದನ್ನು ತಿರುಗಿಸುವ ಕೆಲಸವೇ.

ಪಾಠವನ್ನು ಹೀಗೆ ನಡೆಯಿಸಿದಾಗ ಮಕ್ಕಳಿಂದ ಬರುವ ಒಂದು ಪ್ರಶ್ನೆಯುಂಟು. “ಶಕ್ತಿಯು ನಾಶವಾಗುವದೇ ಇಲ್ಲವೆಂದು ಹೇಳುವಿರಿ. ಹಾಗಾದರೆ ದೀಪವನ್ನು ಆರಿಸಿರಿ, ಶಕ್ತಿಯನ್ನು ಉಳಿಸಿರಿ ಎಂದು ಗೋಡೆಯ ಮೇಲೆ ಏಕೆ ಬರೆದಿರುವಿರಿ?” ಇದು ಅಧಿಕಪ್ರಸಂಗವಲ್ಲ, ಇಡೀ ಪಾಠದಲ್ಲಿ ಇದಕ್ಕಿಂತ ಬುದ್ಧಿಯುಳ್ಳ ಪ್ರಶ್ನೆಯು ಬೇರೊಂದಿಲ್ಲ. ಇದಕ್ಕೆ ಉತ್ತರವನ್ನು ಹಾವೇರಿಯ ಏಲಕ್ಕಿಯಿಂದಲೇ ಕೊಡಬಹುದು. ಮುಚ್ಚಿದ ಡಬ್ಬಿಯೊಳಗಿನ ಏಲಕ್ಕಿಯ ಕಂಪು ಪಾಯಸಕ್ಕೆ ಬರುವದು. ಕುಟ್ಟಿ ತೆರೆದಿಟ್ಟರೆ ಅದು ಓಣಿಯಲ್ಲೆಲ್ಲ ಹರಡುವದು. ಕಂಪಿನ ಒಂದು ಕಣವೂ ನಾಶವಾಗಿಲ್ಲ. ಆದರೆ ಓಣಿಯ ಗಾಳಿಯನ್ನು ಹಿಂಡಿ ಪಾಯಸಕ್ಕೆ ಹಾಕುವದು ಸಾಧ್ಯವೆ? ಶಕ್ತಿಯೂ ಹಾಗೆಯೇ. ದೀಪದ ಬೆಳಕು ಗೋಡೆಗೆ ತಾಗಿ ಬೆಚ್ಚಗಾಗಿ, ಆ ಬೆಚ್ಚಗೆಯು ಎಲ್ಲೆಡೆಗೆ ಹರಡಿ, ಇದ್ದೂ ಇಲ್ಲದಂತಾಗುವದು. ನಾವು ಉಳಿಸಬೇಕಾದದ್ದು ಒತ್ತಟ್ಟಿಗೆ ಕೂಡಿರುವ, ಬೇಕಾದಾಗ ಕೆಲಸಕ್ಕೊದಗುವ ಶಕ್ತಿಯನ್ನು. ಈ ಮಾತನ್ನು ಹತ್ತು ವರ್ಷದ ಹುಡುಗಿಯು ಚೆನ್ನಾಗಿ ತಿಳಿದುಕೊಳ್ಳಬಲ್ಲಳು.

ಪಾಲಕರು, “ಇದೆಲ್ಲ ಹುಡುಗರಿಗೆ ಸರಿ, ಪಂಪು, ಮೋಟಾರು ಅವರ ಕೈಯಲ್ಲಿರುವವು” ಎಂದು ಅಂದುಕೊಳ್ಳುವದುಂಟು. ನಾನು ಅವರಿಗೆ ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಸಂಗತಿಯೊಂದನ್ನು ಹೇಳುವೆನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ೧೯೭೪ರಲ್ಲಿ ‘ಅಸ್ತ್ರ’ ಎಂಬ ವಿಭಾಗವನ್ನು ಸ್ಥಾಪಿಸಿದರು. ಆ ವಿಭಾಗದವರು ಅದೇ ದಶಕದಲ್ಲಿ ಪುರ ಮೊದಲಾದ ಹಳ್ಳಿಗಳಿಗೆ ಹೋಗಿ, ಮನೆಮನೆಯಲ್ಲಿ ಶಕ್ತಿಯ ಆಯವ್ಯಯವನ್ನು ಬರೆದುಕೊಂಡರು. ಹಳ್ಳಿಯ ಶಕ್ತಿಯ ಬಹುಪಾಲು ಕಟ್ಟಿಗೆಯದೆಂದೂ, ಅದರಲ್ಲಿ ಹೆಚ್ಚಿನದೆಲ್ಲ ಅಡಿಗೆಯ ಒಲೆಗೆ ಹೋಗುವದೆಂದೂ, ಮನುಷ್ಯರ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಹೆಂಗಸರದೇ ಎಂದೂ ಕಂಡುಬಂತು. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಕ್ತಿಯ ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಪಾತ್ರೆಗೆ ಸೇರುವದು. ಉಳಿದದ್ದು ಹೊಗೆಯೊಡನೆ ಹೋಗುವದು, ಅಡಿಗೆ ಮಾಡುವವಳ ಕಣ್ಣನ್ನೂ ಎದೆಯನ್ನೂ ಸುಡುವದು. ಈ ಲೆಕ್ಕವನ್ನು ಮಾಡಿದ್ದರಿಂದಲೇ ಅಸ್ತ್ರ ಒಲೆಯು ಹುಟ್ಟಿತು. ಈಗ ಬಹಳ ಮನೆಗಳಿಗೆ ಗ್ಯಾಸು ಬಂದಿರುವದು ನಿಜ. ನೀರು ಕಾಯಿಸುವ ಹಿತ್ತಲಿನ ಒಲೆಯು ಇನ್ನೂ ಆರಿಲ್ಲವೆಂಬುದೂ ಅಷ್ಟೇ ನಿಜ. ಮನೆಯ ಶಕ್ತಿಯನ್ನು ದಿನವೂ ಕೈಯಲ್ಲಿ ಹಿಡಿದು ನಡೆಯಿಸುವವಳು ಹೆಣ್ಣುಮಗಳಾಗಿರುವಾಗ, ಆ ಪಾಠವು ಅವಳಿಗಲ್ಲದೆ ಮತ್ತಾರಿಗೆ?

ಹೆಣ್ಣುಮಕ್ಕಳಿಂದ ಇದಾಗದೆಂಬ ಮಾತಿಗೆ ಬೆಂಗಳೂರೇ ಉತ್ತರವನ್ನು ಕೊಟ್ಟಿದೆ. ೧೯೩೩ರಲ್ಲಿ ಅದೇ ಸಂಸ್ಥೆಗೆ ಪ್ರವೇಶವನ್ನು ಬೇಡಿದ ಕಮಲಾ ಸೊಹೊನಿಯವರಿಗೆ ಹೆಣ್ಣೆಂಬ ಕಾರಣದಿಂದ ಮೊದಲು ಇಲ್ಲವೆನ್ನಲಾಯಿತು. ಅವರು ಪಟ್ಟು ಬಿಡದೆ ಸೇರಿದರು. ಮುಂದೆ ಕೇಂಬ್ರಿಜ್ಜಿನಲ್ಲಿ, ಜೀವಕೋಶವು ಆಹಾರದಿಂದ ಶಕ್ತಿಯನ್ನು ಪಡೆಯುವಲ್ಲಿ ಬೇಕಾಗುವ ಸೈಟೋಕ್ರೋಮ್ ಸಿ ಎಂಬ ದ್ರವ್ಯವು ಸಸ್ಯಗಳಲ್ಲಿಯೂ ಇರುವದೆಂದು ತೋರಿಸಿ ೧೯೩೯ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಅವರು ಪರೀಕ್ಷಿಸಿದ್ದು ಅಡಿಗೆಯ ಮನೆಯ ಆಲೂಗಡ್ಡೆಯನ್ನು. ಅದೇ ಸಂಸ್ಥೆಯಲ್ಲಿ ರಾಮನ್ನರ ಬಳಿ ಕೆಲಸ ಮಾಡಿದ ಅನ್ನಾ ಮಣಿಯವರು ೧೯೪೮ರಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ದೇಶದ ಬಿಸಿಲನ್ನು ಅಳೆಯುವ ಉಪಕರಣಗಳನ್ನು ಇಲ್ಲಿಯೇ ಮಾಡಿಸಿದರು. ೧೯೮೦ರಲ್ಲಿ ಅವರ ಸೌರವಿಕಿರಣದ ಅಂಕಿಗಳ ಕೈಪಿಡಿಯು ಪ್ರಕಟವಾಯಿತು. ಬಳಿಕ ಗಾಳಿಯ ವೇಗವನ್ನೂ ಊರೂರುಗಳಲ್ಲಿ ಅಳೆಯಿಸಿದರು. ನಮ್ಮ ಮೆಣಸಿನಕಾಯಿಯನ್ನು ಒಣಗಿಸುವ ಆ ಎರಡೇ ವಸ್ತುಗಳನ್ನು, ಬಿಸಿಲನ್ನೂ ಗಾಳಿಯನ್ನೂ, ದೇಶಕ್ಕೆಲ್ಲ ಅಳೆದುಕೊಟ್ಟವರು ಒಬ್ಬ ಹೆಂಗಸು.

ಆದಕಾರಣ ಪಾಲಕರಲ್ಲಿ ನನ್ನ ಬೇಡಿಕೆಯು ಇಷ್ಟೇ. ತಿಂಗಳ ವಿದ್ಯುತ್ತಿನ ಬಿಲ್ಲು ಬಂದಾಗ ಅದನ್ನು ಮಗಳ ಕೈಗೆ ಕೊಡಿರಿ; ಹಿಂದಿನ ತಿಂಗಳಿಗಿಂತ ಯುನಿಟ್ಟುಗಳು ಏಕೆ ಹೆಚ್ಚಾದವೆಂದು ಅವಳೇ ಹುಡುಕಲಿ. ಬಿಲ್ಲಿನಲ್ಲಿ ಹಣವು ಸೊನ್ನೆಯಿದ್ದರೂ ಯುನಿಟ್ಟುಗಳ ಲೆಕ್ಕವು ಅದರಲ್ಲಿ ಇದ್ದೇ ಇರುವದು. ಹಿರಿಯರು ಬಳಿಯಲ್ಲಿದ್ದು ಪಂಪಿನ ಗುಂಡಿಯನ್ನು ಅವಳಿಂದಲೂ ಒತ್ತಿಸಿರಿ. ಬ್ಯಾಡಗಿ, ರಾಣೆಬೆನ್ನೂರು ಕಡೆಯಲ್ಲಿ ಹೊಲ-ಕಣಗಳುಳ್ಳ ಹಳೆಯ ವಿದ್ಯಾರ್ಥಿನಿಯರು ಈ ಸುಗ್ಗಿಯಲ್ಲಿ ನಮ್ಮ ಹುಡುಗಿಯರ ಒಂದು ತಂಡವನ್ನು ಕರೆಯಿಸಿಕೊಂಡರೆ ಬಹಳ ಉಪಕಾರವಾಗುವದು. ಅವರು ತಕ್ಕಡಿಯನ್ನೂ ಉಷ್ಣಮಾಪಕವನ್ನೂ ಶಾಲೆಯಿಂದಲೇ ತರುವರು. ಐದು ಕಿಲೋ ಹಸಿಯ ಕಾಯಿಯನ್ನು ಬೇರೆಯಾಗಿ ಹರವಿಟ್ಟು, ಅದು ಪೂರಾ ಒಣಗುವ ತನಕ ದಿನವೂ ಸಂಜೆ ಒಮ್ಮೆ ತೂಗಿ ಬರೆದುಕೊಳ್ಳುವದಕ್ಕೆ ಅಪ್ಪಣೆಯಾದರೆ ಸಾಕು.